ತಾಯಿ ಕಾರ್ಡಿನ ಮೇಲೆ ಒಂದು ಕೆಂಪು ಸಾಲು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಆಶಾ ಕಾರ್ಯಕರ್ತೆಯರಿಗೆ ಬಹಿರಂಗ ಪತ್ರ

ಅಕ್ಕಂದಿರೇ, ತಂಗಿಯರೇ,

ನೀವು ಕರೆದುಕೊಂಡು ಹೋದ ಹೆಣ್ಣುಮಗಳಿಗೆ ಸಿಜೇರಿಯನ್ ಆಗಬೇಕು ಎಂದು ವೈದ್ಯರು ಹೇಳಿದ ಮೇಲೆ ಏನೇನು ನಡೆಯುತ್ತದೆ ಎಂಬುದು ನಿಮಗೆ ಬಾಯಿಪಾಠ. ಸಹಿಗೆ ಗಂಡನನ್ನು ಹುಡುಕಬೇಕು, ರಕ್ತದ ಗುಂಪಿನ ಚೀಟಿ ಸಿಗಬೇಕು, ಬಳೆ ಕಾಲುಂಗುರ ಬಿಚ್ಚಿ ಅತ್ತೆಯ ಸೆರಗಿಗೆ ಕಟ್ಟಬೇಕು, ಹಸಿರು ಗೌನು ತೊಡಿಸಬೇಕು. ಈ ಗಡಿಬಿಡಿಯಲ್ಲಿ ಸಿಸ್ಟರ್ ಒಂದು ಇಂಜೆಕ್ಷನ್ ಕೊಡುತ್ತಾರೆ. ಹೊಲಿಗೆ ನಂಜಾಗದಿರಲಿ ಎಂದು ಕೊಡುವ ಆಂಟಿಬಯಾಟಿಕ್ ಅದು. ಬೆನ್ನಿಗೆ ಚುಚ್ಚುವ ಸೂಜಿಯ ಬಗ್ಗೆ ಮನೆಯವರು ಹತ್ತು ಪ್ರಶ್ನೆ ಕೇಳುತ್ತಾರೆ. ಈ ಇಂಜೆಕ್ಷನ್ನಿನ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಈ ಪತ್ರ ಅದರ ಬಗ್ಗೆಯೇ.

ಸಾವಿರಾರು ಜನರಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಎಲ್ಲೋ ಒಬ್ಬರ ಮೈ ಮಾತ್ರ ಅದನ್ನು ವೈರಿ ಎಂದು ಬಗೆದು ತಿರುಗಿ ಬೀಳುತ್ತದೆ. ನೋಡನೋಡುತ್ತಿದ್ದಂತೆ ರಕ್ತದೊತ್ತಡ ಕುಸಿಯುತ್ತದೆ, ಉಸಿರಿನ ನಾಳ ಬಿಗಿಯುತ್ತದೆ. ಆ ಒಬ್ಬರು ಯಾರು ಎಂಬುದನ್ನು ಮುಂಚೆಯೇ ತಿಳಿಯಲು ಥಿಯೇಟರಿನಲ್ಲಿ ಇರುವವರಿಗೆ ನಂಬಿಕಸ್ಥ ದಾರಿ ಒಂದೇ: ಹಿಂದೆ ಯಾವಾಗಲಾದರೂ, ಯಾವ ಔಷಧಕ್ಕಾದರೂ ಹೀಗಾಗಿತ್ತೇ ಎಂಬ ಸುದ್ದಿ. ಆ ಸುದ್ದಿ ಇರುವುದು ಮನೆಯಲ್ಲಿ, ಮುದುಕಿಯ ನೆನಪಿನಲ್ಲಿ, ಟ್ರಂಕಿನ ತಳದ ಹಳೇ ಚೀಟಿಯಲ್ಲಿ. ಅಲ್ಲಿಗೆ ಹೋಗಿ ಬರುವವರು ನೀವು, ವೈದ್ಯರಲ್ಲ.

ಇನ್ನೊಂದು ಕೆಲಸ ಹೇರಲು ಬಂದೆನಲ್ಲ ಎಂಬ ಅಳುಕು ನನಗೂ ಇದೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ರಾತ್ರಿ ಕಳೆದವರು ನಿಮ್ಮವರೇ. ಸರ್ವೆ, ಲಸಿಕೆ, ಮೊಬೈಲಿನ ಪೋರ್ಟಲ್ಲು, ಜೊತೆಗೆ ಯಾವ ಇಲಾಖೆಗೆ ಏನು ಬೇಕಾದರೂ ‘ಆಶಾಗೆ ಹೇಳ್ರಿ’. ಆದ್ದರಿಂದ ಹೊಸ ರಿಜಿಸ್ಟರ್ ಇಡಿ ಎಂದು ನಾನು ಕೇಳುತ್ತಿಲ್ಲ. ತಾಯಿ ಕಾರ್ಡಿನ ಮುಂಭಾಗದಲ್ಲಿ ಕೆಂಪು ಪೆನ್ನಿನ ಒಂದು ಸಾಲು, ಅಷ್ಟೇ. ಆ ಸಾಲು ಸರಿಯಾಗಿರಬೇಕಾದರೆ ಹಿಂದಿನ ವಿಷಯ ಕೊಂಚ ಗೊತ್ತಿರಬೇಕು. ಅದಕ್ಕೇ ಪತ್ರ ಉದ್ದವಾಗಿದೆ.

ಮೊದಲು ಥಿಯೇಟರಿನ ಒಳಗೆ. ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಮೈಯಲ್ಲಿರಬೇಕು ಎಂಬುದು ಇವತ್ತಿನ ನಿಯಮ. ಬ್ಲೇಡು ಇಳಿಯುವ ಹೊತ್ತಿಗೆ ಔಷಧ ರಕ್ತದಲ್ಲಿ ತುಂಬಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ ಎರಡು ಪ್ರಶ್ನೆಗಳಿವೆ. ಅರಿವಳಿಕೆಗೆ ಮುಂಚೆ ಕೇಳುವುದು: ರೋಗಿಗೆ ಗೊತ್ತಿರುವ ಅಲರ್ಜಿ ಏನಾದರೂ ಇದೆಯೇ? ಕೊಯ್ಯುವ ಮುಂಚೆ ಕೇಳುವುದು: ಕಳೆದ 60 ನಿಮಿಷದಲ್ಲಿ ಆಂಟಿಬಯಾಟಿಕ್ ಕೊಟ್ಟಾಗಿದೆಯೇ? ಎರಡನೆಯದಕ್ಕೆ ಉತ್ತರ ಸಿಸ್ಟರ್ ಬಳಿ ಇರುತ್ತದೆ. ಮೊದಲನೆಯದಕ್ಕೆ ಉತ್ತರ ಕೊಡಬೇಕಾದವಳು ನೋವು ತಿನ್ನುತ್ತ ಮಲಗಿರುತ್ತಾಳೆ, ‘ಇಲ್ರಿ’ ಎಂದುಬಿಡುತ್ತಾಳೆ. ಇಲ್ಲವೆನ್ನುವುದು ಸುಲಭ, ಬೇಗ ಮುಗಿಯುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ (2019–21) ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಜೇರಿಯನ್. ಸಂತಾನಹರಣದ ಕ್ಯಾಂಪು, ಗರ್ಭಕೋಶ, ಅಪೆಂಡಿಕ್ಸ್, ಮೂಳೆ ಮುರಿತ ಎಲ್ಲ ಸೇರಿಸಿದರೆ ನಿಮ್ಮ ಊರಿನ ಬಹುತೇಕ ಮನೆಗಳಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ.

ಇದು ಎಷ್ಟು ಅಪರೂಪ, ಎಷ್ಟು ಗಂಭೀರ ಎಂಬುದಕ್ಕೆ ಬ್ರಿಟನ್ನಿನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜು ಒಳ್ಳೆಯ ಲೆಕ್ಕ ಕೊಟ್ಟಿದೆ. ಆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷ ನಡೆದ, ಸುಮಾರು 30 ಲಕ್ಷ ಅರಿವಳಿಕೆಗಳ ನಡುವೆ ಸಂಭವಿಸಿದ ಪ್ರಾಣಾಪಾಯದ ಅಲರ್ಜಿಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿದರು. 2018ರಲ್ಲಿ ಪ್ರಕಟವಾದ ವರದಿಯಲ್ಲಿ ಅಂಥ 266 ಪ್ರಕರಣಗಳಿವೆ. 10 ಜನ ತೀರಿಕೊಂಡಿದ್ದರು. ಅಂದಾಜು ಹತ್ತು ಸಾವಿರಕ್ಕೆ ಒಂದು. ಯಾವುದರಿಂದ ಆಯಿತೆಂದು ಪತ್ತೆಯಾದ ಪ್ರಕರಣಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟಕ್ಕೆ ಕಾರಣ ಆಂಟಿಬಯಾಟಿಕ್. ಎಲ್ಲರೂ ಹೆದರುವ ಅರಿವಳಿಕೆಯ ಔಷಧಗಳು ಅದರ ಹಿಂದೆ ಬರುತ್ತವೆ. ಇನ್ನೊಂದು ಅಂಕಿಯನ್ನು ಮರೆಯಬೇಡಿ: ಆಂಟಿಬಯಾಟಿಕ್‌ನಿಂದ ಆದ ಅಲರ್ಜಿಗಳಲ್ಲಿ ನೂರಕ್ಕೆ 92ರಷ್ಟು ಔಷಧ ಕೊಟ್ಟ ಹತ್ತೇ ನಿಮಿಷದೊಳಗೆ ಶುರುವಾಗಿದ್ದವು. ಹಾಗಾಗಿಯೇ, ಸಾಧ್ಯವಿದ್ದಲ್ಲೆಲ್ಲ ಅರಿವಳಿಕೆಗೆ ಕೆಲವು ನಿಮಿಷ ಮೊದಲೇ, ರೋಗಿ ಎಚ್ಚರವಿರುವಾಗಲೇ ಈ ಇಂಜೆಕ್ಷನ್ ಕೊಡಿ ಎಂದು ಆ ವರದಿ ಸಲಹೆ ಮಾಡಿತು.

ಎಚ್ಚರವಿದ್ದರೆ ಏನು ಲಾಭ? ಅವಳು ಬಾಯಿ ಬಿಟ್ಟು ಹೇಳಬಲ್ಲಳು. ಮೈತುಂಬ ಹಸಿರು ಬಟ್ಟೆ ಹೊದಿಸಿರುವಾಗ ಎದೆಯ ಮೇಲೆ ಎದ್ದ ದದ್ದು ಯಾರಿಗೂ ಕಾಣುವುದಿಲ್ಲ. ಎಷ್ಟೋ ಸಲ ದದ್ದು ಏಳುವುದೂ ಇಲ್ಲ, ರಕ್ತದೊತ್ತಡ ಕುಸಿಯುವುದೇ ಮೊದಲ ಲಕ್ಷಣ. ಬೆನ್ನಿನ ಅರಿವಳಿಕೆಯಿಂದಲೂ ರಕ್ತದೊತ್ತಡ ಇಳಿಯುವುದರಿಂದ ವೈದ್ಯರಿಗೂ ಒಂದು ಕ್ಷಣ ಗೊಂದಲವಾಗಬಹುದು. ಅದೇ ಹೊತ್ತಿಗೆ ‘ಅಂಗೈ ಅಂಗಾಲು ತಿಂಡಿ ಬಿಟ್ಟೈತ್ರಿ’, ‘ಉಸುರು ಕಟ್ಟಾಕತ್ತೈತಿ’, ‘ಏನೋ ಆಗಾಕತ್ತೈತ್ರಿ, ಜೀವ ಹೋಗೋ ಹಂಗ ಆಗೈತಿ’ ಎಂದು ಅವಳು ಅಂದರೆ ಗೊಂದಲ ಅಲ್ಲಿಗೆ ಕಳೆಯಿತು. ಜೀವವೇ ಹೋಗುತ್ತಿದೆ ಎನ್ನಿಸುವ ಆ ದಿಗಿಲು ವೈದ್ಯಪುಸ್ತಕಗಳಲ್ಲಿರುವ ನಿಜವಾದ ಲಕ್ಷಣ. ನಮ್ಮ ಕಡೆಯ ಹೆಣ್ಣುಮಕ್ಕಳು ಡಾಕ್ಟರ ಮುಂದೆ ಸುಮ್ಮನಿರುವುದನ್ನೇ ಮರ್ಯಾದೆ ಎಂದು ಕಲಿತವರು. ‘ಒಳಗ ಏನಾರ ಆದ್ರ ಸುಮ್ನಿರಬ್ಯಾಡ, ಜೋರಾಗಿ ಹೇಳು’ ಎಂದು ನೀವು ಬಾಗಿಲ ಬಳಿ ಒಂದು ಮಾತು ಕಿವಿಯಲ್ಲಿ ಹಾಕಿದರೆ ಅದಕ್ಕೆ ಯಾವ ಯಂತ್ರದ ಬೆಲೆಯೂ ಸಾಲದು.

ಇನ್ನು ‘ಹೋದ ಹೆರಿಗಿಗೂ ಇದ ಸೂಜಿ ಮಾಡಿದ್ರು, ಏನೂ ಆಗಿರ್ಲಿಲ್ಲ’ ಎಂಬ ಮಾತು. ಅದು ಸಮಾಧಾನ ಕೊಡುತ್ತದೆ, ಖಾತ್ರಿ ಕೊಡುವುದಿಲ್ಲ. 1901ರ ಬೇಸಿಗೆಯಲ್ಲಿ ಫ್ರಾನ್ಸಿನ ಶಾರ್ಲ್ ರಿಷೆ, ಪಾಲ್ ಪೋರ್ಟಿಯೆ ಎಂಬ ಇಬ್ಬರು ವಿಜ್ಞಾನಿಗಳು ಮೊನಾಕೋದ ರಾಜಕುಮಾರನ ಹಡಗಿನಲ್ಲಿ ಸಮುದ್ರಜೀವಿಗಳ ವಿಷದ ಅಧ್ಯಯನಕ್ಕೆ ಹೊರಟಿದ್ದರು. ಊರಿಗೆ ಮರಳಿದ ಮೇಲೆ ನಾಯಿಗಳಿಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಅದನ್ನು ತಾಳುವ ಶಕ್ತಿ ಬೆಳೆಸಬಹುದೇ ಎಂದು ನೋಡಿದರು. ನೆಪ್ಚೂನ್ ಎಂಬ ನಾಯಿ ಮೊದಲ ಸಲ ಚೆನ್ನಾಗಿಯೇ ತಡೆದುಕೊಂಡಿತು. ಮೂರು ವಾರ ಬಿಟ್ಟು ಎರಡನೆಯ ಸಲ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತಿತು. ಮೊದಲ ಭೇಟಿಯಲ್ಲಿ ಮೈ ಗುರುತು ಹಿಡಿದುಕೊಂಡಿರುತ್ತದೆ, ಮುಂದಿನ ಭೇಟಿಯಲ್ಲಿ ಸೇಡು ತೀರಿಸಿಕೊಳ್ಳುತ್ತದೆ. ಈ ಶೋಧಕ್ಕೆ ರಿಷೆಗೆ 1913ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಶೀತಕ್ಕೊಂದು, ಜ್ವರಕ್ಕೊಂದು ಎಂದು ವರ್ಷವಿಡೀ ಆಂಟಿಬಯಾಟಿಕ್ ಹೋಗುತ್ತಿರುವಾಗ ಮೊದಲ ಭೇಟಿ ಯಾವಾಗಲೋ ಆಗಿಹೋಗಿರುತ್ತದೆ.

‘ಅದಕ್ಕ ಟೆಸ್ಟ್ ಡೋಸ್ ಮಾಡ್ತಾರಲ್ರಿ’ ಎನ್ನುತ್ತೀರಿ. ಕೇಸ್ ಶೀಟಿನಲ್ಲಿ ಇಂಜೆಕ್ಷನ್ ಹೆಸರಿನ ಮುಂದೆ ‘ಎಎಸ್‌ಟಿ’ ಎಂದು ಬರೆದಿರುವುದನ್ನು ನೀವು ನೋಡಿರಬಹುದು, ಟೆಸ್ಟ್ ಮಾಡಿದ ನಂತರ ಕೊಡಿ ಎಂದು ಅರ್ಥ. ಪುಡಿಯ ಬಾಟಲಿಗೆ ನೀರು ಹಾಕಿ ಅಲುಗಾಡಿಸಿ, ಸಣ್ಣ ಸಿರಿಂಜಿನಲ್ಲಿ ಒಂದು ಹನಿ ಎಳೆದು, ಮುಂಗೈ ಚರ್ಮದ ಪದರದೊಳಗೆ ಗುಳ್ಳೆ ಏಳುವಂತೆ ಚುಚ್ಚಿ, ಸುತ್ತ ಪೆನ್ನಿನಿಂದ ಒಂದು ವೃತ್ತ ಬರೆದು, ಹದಿನೈದು ಇಪ್ಪತ್ತು ನಿಮಿಷ ಕಾಯುತ್ತಾರೆ. ಕೆಂಪಗಾಗದಿದ್ದರೆ ಪಾಸು. ಹಿಂದೆ ಎಂದೂ ರಿಯಾಕ್ಷನ್ ಆಗದವರಲ್ಲಿ ಈ ವೃತ್ತ ಹೇಳುವ ಭವಿಷ್ಯ ಎಷ್ಟು ನಿಜ? ದಕ್ಷಿಣ ಕೊರಿಯಾದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಸೆಫಲೋಸ್ಪೊರಿನ್ ಗುಂಪಿನ ಔಷಧ ಬೇಕಿದ್ದ 1,421 ಜನರ ಮೇಲೆ ಇದನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. 74 ಜನರ ಚರ್ಮ ಕೆಂಪಗಾಗಿತ್ತು. ಆಮೇಲೆ ಔಷಧ ಕೊಟ್ಟಾಗ ಅವರಲ್ಲಿ ಒಬ್ಬರಿಗೂ ಅಲರ್ಜಿ ಆಗಲಿಲ್ಲ. ಮೈತುಂಬ ಗಂಧೆ ಎದ್ದ ನಾಲ್ವರು ಯಾರೆಂದರೆ, ಟೆಸ್ಟಿನಲ್ಲಿ ಪಾಸಾದವರು! ಪುಡಿಯನ್ನು ಗಟ್ಟಿಯಾಗಿ ಕದಡಿದರೆ ಆರೋಗ್ಯವಂತ ಚರ್ಮವೂ ಉರಿದು ಕೆಂಪಗಾಗುತ್ತದೆ, ಆ ಕೆಂಪಿಗೂ ಅಲರ್ಜಿಗೂ ನಂಟಿಲ್ಲ. ದಶಕಗಳ ಕಾಲ ಎಲ್ಲರಿಗೂ ಈ ಟೆಸ್ಟ್ ಮಾಡುತ್ತಿದ್ದ ಚೀನಾ ಕೂಡ 2021ರಲ್ಲಿ ಸೆಫಲೋಸ್ಪೊರಿನ್‌ಗಳಿಗೆ ಎಲ್ಲರಿಗೂ ಮಾಡುವುದು ಬೇಡ ಎಂದು ಮಾರ್ಗಸೂಚಿ ಬದಲಿಸಿತು.

ಇದನ್ನು ಓದಿ ಆಸ್ಪತ್ರೆಯಲ್ಲಿ ಸಿಸ್ಟರ ಜೊತೆ ವಾದಕ್ಕೆ ಇಳಿಯಬೇಡಿ. ಟೆಸ್ಟ್ ಮಾಡು ಎಂದು ವೈದ್ಯರು ಬರೆದಿದ್ದರೆ ಅವರು ಮಾಡಲೇಬೇಕು, ನಾಳೆ ಏನಾದರೂ ಆದರೆ ಮೊದಲು ನೋಟಿಸ್ ಬರುವುದು ಅವರ ಹೆಸರಿಗೇ. ನಾನು ಹೇಳುವುದು ಇಷ್ಟು: ಮುಂಗೈ ಮೇಲಿನ ವೃತ್ತ ನೋಡಿ ‘ಟೆಸ್ಟ್ ಮಾಡ್ಯಾರ, ಇನ್ನ ಹೆದರಿಕಿ ಇಲ್ಲ’ ಎಂದು ಹಳೆಯ ರಿಯಾಕ್ಷನ್ನಿನ ಕತೆಯನ್ನು ನುಂಗಿಕೊಳ್ಳಬೇಡಿ. ನಿಜವಾಗಿ ರಿಯಾಕ್ಷನ್ ಆದವರಿಗೆ ಚರ್ಮದ ಪರೀಕ್ಷೆಯಿಂದ ಉಪಯೋಗವಿದೆ. ಆದರೆ ಅದನ್ನು ಅಲರ್ಜಿ ತಜ್ಞರು ಸರಿಯಾಗಿ ತೆಳುಮಾಡಿದ ದ್ರಾವಣದಲ್ಲಿ, ರಿಯಾಕ್ಷನ್ ಆದ ನಾಲ್ಕಾರು ವಾರಗಳ ನಂತರ ಮಾಡುತ್ತಾರೆ. ಅದು ಥಿಯೇಟರಿನ ಬಾಗಿಲಲ್ಲಿ ಆಗುವ ಕೆಲಸವಲ್ಲ.

ಹಾಗಾದರೆ ಮನೆಯಲ್ಲಿ ಹೇಗೆ ಕೇಳಬೇಕು? ‘ಅಲರ್ಜಿ ಐತೇನು?’ ಎಂದರೆ ಉತ್ತರ ಸಿಗುವುದಿಲ್ಲ. ಧೂಳು, ಬದನೆಕಾಯಿ ಎಂದು ಎಲ್ಲೆಲ್ಲೋ ಹೋಗುತ್ತದೆ. ‘ಯಾವ್ದಾರ ಗುಳಿಗಿ, ಸೂಜಿ ನಿನಗ ಒಗ್ಗಿಲ್ಲ ಅಂತ ಇದ್ದಾವೇನು? ಸೂಜಿ ಮಾಡಿಸ್ಕೊಂಡ ಮ್ಯಾಲ ಮೈ ಮ್ಯಾಲ ಗಂಧಿ ಎದ್ದಿದ್ವಾ? ತುಟಿ, ಕಣ್ಣು ಬಾತಿದ್ವಾ? ಕಣ್ಣಿಗೆ ಕತ್ಲಿ ಬಂದು ಬಿದ್ದಿದ್ದೇನು?’ ಹೀಗೆ ಕೇಳಬೇಕು, ಮತ್ತು ಅತ್ತೆ ಇಲ್ಲದ ಹೊತ್ತಿನಲ್ಲಿ ತವರಿನವರನ್ನೂ ಕೇಳಬೇಕು. ಹುಡುಗಿಯಾಗಿದ್ದಾಗ ಆದದ್ದು ತವರಿಗೆ ಮಾತ್ರ ಗೊತ್ತಿರುತ್ತದೆ. ಗಂಗಾವತಿ ಸುತ್ತಲಿನ ಕ್ಯಾಂಪುಗಳಲ್ಲಿ ತೆಲುಗಿನಲ್ಲಿ, ಕುಷ್ಟಗಿ, ಯಲಬುರ್ಗಾ ಕಡೆಯ ತಾಂಡಾಗಳಲ್ಲಿ ಲಂಬಾಣಿಯಲ್ಲಿ ಕೇಳಿದರೆ ಹೊರಬೀಳುವ ವಿಷಯ ಆಸ್ಪತ್ರೆಯ ಕನ್ನಡಕ್ಕೆ ಹೊರಬೀಳುವುದಿಲ್ಲ. ಈ ವಿದ್ಯೆಯಲ್ಲಿ ನಿಮ್ಮನ್ನು ಮೀರಿಸುವವರು ಯಾವ ಎಂಬಿಬಿಎಸ್‌ನಲ್ಲೂ ಇಲ್ಲ.

ರಿಯಾಕ್ಷನ್ ಆಗಿತ್ತು ಎಂದು ತಿಳಿದರೂ ಯಾವುದಕ್ಕೆ ಎಂಬುದು ತಿಳಿಯದಿರುವುದು ನಮ್ಮ ಭಾಗದ ದೊಡ್ಡ ತೊಡಕು. ‘ಊರಾಗಿನ ಡಾಕ್ಟರು ಎರಡು ಸೂಜಿ ಮಾಡಿದ್ರು’ ಎಂಬಲ್ಲಿಗೆ ಕತೆ ನಿಲ್ಲುತ್ತದೆ. ಆರ್‌ಎಂಪಿ ಚೀಟಿ ಬರೆಯುವುದಿಲ್ಲ, ಬಾಟಲಿ ತೋರಿಸುವುದಿಲ್ಲ. ಇದಕ್ಕೆ ಒಂದೇ ಮದ್ದು: ಇನ್ನು ಮುಂದೆ ಯಾರಿಗೆ ಯಾವುದೇ ಇಂಜೆಕ್ಷನ್ನಿನಿಂದ ತೊಂದರೆಯಾದರೂ ಖಾಲಿ ಬಾಟಲಿಯನ್ನು ಕೇಳಿ ಇಸಿದುಕೊಳ್ಳುವುದು, ಕೊಡದಿದ್ದರೆ ಫೋನಿನಲ್ಲಿ ಲೇಬಲ್ಲಿನ ಫೋಟೋ ಹೊಡೆಯುವುದು. ಲೇಬಲ್ಲಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಕಂಪನಿಯ ಹೆಸರಿಟ್ಟ ಬ್ರ್ಯಾಂಡು, ಔಷಧದ ಅಸಲಿ ಹೆಸರು ಬೇರೆ ಕಡೆ ಇರುತ್ತದೆ. ಬರೆದುಕೊಳ್ಳಬೇಕಾದದ್ದು ಅಸಲಿಯನ್ನು. ‘ನನಗ ಟ್ಯಾಕ್ಸಿಮ್ ಆಗಂಗಿಲ್ಲ’ ಎಂದವಳಿಗೆ ‘ಹಾಗಾದರೆ ಮೊನೊಸೆಫ್ ಹಾಕೋಣ’ ಎಂದರೆ ಬದಲಿಸಿದಂತೆ ಕಾಣುತ್ತದೆ. ಟ್ಯಾಕ್ಸಿಮ್ ಎಂದರೆ ಸೆಫೊಟ್ಯಾಕ್ಸಿಮ್, ಮೊನೊಸೆಫ್ ಎಂದರೆ ಸೆಫ್ಟ್ರಿಯಾಕ್ಸೋನ್. ಎರಡೂ ಒಂದೇ ಮನೆತನದವು, ಅಲರ್ಜಿಗೆ ಕಾರಣವಾಗಬಲ್ಲ ಪಕ್ಕದ ಕೊಂಡಿಯೂ ಎರಡರಲ್ಲಿ ಒಂದೇ. ಅದೇ ಮನೆತನದ ಸೆಫಜೋಲಿನ್‌ಗೆ ಈ ಕೊಂಡಿ ಬೇರೆ. ಪೆನಿಸಿಲಿನ್‌ಗೆ ಅಲರ್ಜಿ ಇರುವ ಹೆಚ್ಚಿನವರು ಸೆಫಜೋಲಿನ್ ತಡೆದುಕೊಳ್ಳಲು ಕಾರಣವೂ ಇದೇ. ಇಷ್ಟೆಲ್ಲ ನಿಮಗೆ ನೆನಪಿರಬೇಕಿಲ್ಲ. ಅಸಲಿ ಹೆಸರು ಕಾರ್ಡಿನಲ್ಲಿದ್ದರೆ ಉಳಿದ ಲೆಕ್ಕವನ್ನು ಅರಿವಳಿಕೆ ವೈದ್ಯರು ಹಾಕುತ್ತಾರೆ. ‘ಯಾವುದೋ ಸೂಜಿಗೆ ಅಲರ್ಜಿ’ ಎಂದಿದ್ದರೆ ಅವರೂ ಕತ್ತಲಲ್ಲಿ ತಡಕಾಡಬೇಕು.

ಇಲ್ಲಿ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟರೆ ಈ ಪತ್ರದಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚಾದೀತು. ಕಂಡಕಂಡದ್ದಕ್ಕೆಲ್ಲ ಅಲರ್ಜಿ ಎಂದು ಬರೆಯುವುದೂ ಅಪಾಯ. ಗುಳಿಗೆ ತಿಂದು ವಾಂತಿಯಾದರೆ, ಭೇದಿಯಾದರೆ, ‘ಹೀಟ್’ ಆಗಿ ಬಾಯಿ ಹುಣ್ಣಾದರೆ, ಬಾಟಲಿ ಏರಿಸುವಾಗ ಚಳಿ ಬಂದರೆ, ಸೂಜಿ ಕಂಡು ತಲೆಸುತ್ತಿ ಬಿದ್ದರೆ ಅವುಗಳಲ್ಲಿ ಹೆಚ್ಚಿನವು ಅಲರ್ಜಿಯಲ್ಲ. ವ್ಯಾಂಕೋಮೈಸಿನ್ ಎಂಬ ಔಷಧವನ್ನು ಒಂದು ಗಂಟೆ ಹಿಡಿದು ನಿಧಾನ ಹರಿಸುವ ಬದಲು ಬೇಗ ಬಿಟ್ಟರೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಏಳುತ್ತದೆ. ಅದು ವೇಗದ ತಪ್ಪು. ಅಮೆರಿಕದಲ್ಲಿ ನೂರಕ್ಕೆ ಹತ್ತು ಜನ ತಮಗೆ ಪೆನಿಸಿಲಿನ್ ಅಲರ್ಜಿ ಎನ್ನುತ್ತಾರೆ. ಸರಿಯಾಗಿ ಪರೀಕ್ಷಿಸಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಏನೂ ಇರುವುದಿಲ್ಲ. ನಿಜವಾಗಿ ಇದ್ದವರಲ್ಲೂ ಹೆಚ್ಚಿನವರದು ಹತ್ತು ವರ್ಷದಲ್ಲಿ ಮಾಸಿಹೋಗುತ್ತದೆ. ಆದರೂ ಹಣೆಪಟ್ಟಿ ಉಳಿಯುತ್ತದೆ, ಅದರ ದೆಸೆಯಿಂದ ಶಸ್ತ್ರಚಿಕಿತ್ಸೆಯಲ್ಲಿ ಒಳ್ಳೆಯ ಔಷಧ ಬಿಟ್ಟು ಎರಡನೇ ದರ್ಜೆಯದನ್ನು ಕೊಡುತ್ತಾರೆ. ಇಂಥ ಪಟ್ಟಿ ಹೊತ್ತವರಲ್ಲಿ ಗಾಯ ನಂಜಾಗುವ ಸಂಭವ ಸುಮಾರು ಒಂದೂವರೆ ಪಟ್ಟು ಎಂದು ಅಲ್ಲಿಯ 2018ರ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಇಂಜೆಕ್ಷನ್ ಬೇಕು. ಅಲರ್ಜಿಯ ಹೆದರಿಕೆಗೆ ಅದನ್ನು ಬಿಟ್ಟರೆ ಹೋಗುವುದು ಕವಾಟವೇ.

ಅದಕ್ಕೇ ಕೆಂಪು ಸಾಲಿನಲ್ಲಿ ‘ಅಲರ್ಜಿ’ ಎಂಬ ಒಂಟಿ ಮಾತು ಸಾಲದು. ಯಾವ ಔಷಧ, ಯಾವ ವರ್ಷ, ಕೊಟ್ಟ ಎಷ್ಟು ಹೊತ್ತಿಗೆ, ಏನಾಯಿತು, ಆಸ್ಪತ್ರೆಗೆ ಹಾಕಿದರೋ ಇಲ್ಲವೋ. ‘2022, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಐದು ನಿಮಿಷದಲ್ಲಿ ತುಟಿ ಬಾತು ಉಸಿರು ಕಟ್ಟಿತು, ಎರಡು ದಿನ ಆಸ್ಪತ್ರೆ’ ಎಂಬ ಸಾಲನ್ನೂ ‘ಅಮಾಕ್ಸಿಸಿಲಿನ್ ಗುಳಿಗೆ, ಭೇದಿ’ ಎಂಬ ಸಾಲನ್ನೂ ಅರಿವಳಿಕೆ ವೈದ್ಯರು ಓದಿದಾಗ ಅವರ ಕೈ ಬೇರೆ ಬೇರೆ ಬಾಟಲಿಗೆ ಹೋಗುತ್ತದೆ. ನಿರ್ಧಾರ ಅವರದು. ನೀವು ಕೊಡಬೇಕಾದದ್ದು ಕತೆ, ತೀರ್ಪಲ್ಲ. ಒಂದನ್ನು ಮಾತ್ರ ಎರಡು ಗೆರೆ ಎಳೆದು ಬರೆಯಿರಿ: ಔಷಧ ತೆಗೆದುಕೊಂಡ ಕೆಲವು ದಿನ, ವಾರಗಳ ನಂತರ ಮೈ ಚರ್ಮ ಸುಟ್ಟಂತೆ ಸುಲಿದು, ಬಾಯಿ, ಕಣ್ಣು, ಗುಪ್ತಾಂಗ ಹುಣ್ಣಾಗಿದ್ದರೆ ಆ ಔಷಧ ಅವರ ಹತ್ತಿರ ಮತ್ತೆ ಸುಳಿಯಲೇಬಾರದು. ಟೆಸ್ಟ್ ಮಾಡಿ ನೋಡೋಣ ಎಂಬ ಮಾತೂ ಅಲ್ಲಿ ಸಲ್ಲದು.

ಕಾರ್ಡೇ ಏಕೆ ಎಂದರೆ ನಮ್ಮ ಜನ ಒಂದೇ ಆಸ್ಪತ್ರೆಯಲ್ಲಿ ನಿಲ್ಲುವವರಲ್ಲ. ಯಲಬುರ್ಗಾದಲ್ಲಿ ಆಗದಿದ್ದರೆ ಗದಗಿಗೋ ಹುಬ್ಬಳ್ಳಿಗೋ, ಕುಷ್ಟಗಿಯವರು ಇಳಕಲ್ಲು ದಾಟಿ ಬಾಗಲಕೋಟೆಗೆ, ಗಂಗಾವತಿಯವರು ಹೊಸಪೇಟೆ, ಬಳ್ಳಾರಿಗೆ, ಉಳಿದವರು ಕೊಪ್ಪಳದ ಕಿಮ್ಸಿಗೆ. 108ರಲ್ಲಿ ರಾತ್ರಿ ಎರಡಕ್ಕೆ ಹೊರಟಾಗ ಕೇಸ್ ಶೀಟು ಹಿಂದೆ ಉಳಿಯುತ್ತದೆ, ರೆಫರಲ್ ಚೀಟಿಯಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್ ಇರುತ್ತವೆ, ಅಲರ್ಜಿಗೆ ಜಾಗವಿರುವುದಿಲ್ಲ. ಇವೆಲ್ಲವನ್ನು ದಾಟಿ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟ ತಾಯಿ ಕಾರ್ಡು. ಇದಕ್ಕಿಂತ ದೂರದ ದಾರಿಯೂ ಇದೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಬೆಂಗಳೂರಿನ ಕಟ್ಟಡದ ಕೆಲಸ, ಮಂಗಳೂರು, ಗೋವಾ. ಅಲ್ಲಿ ಸಾರುವೆಯಿಂದ ಬಿದ್ದು ತೊಡೆ ಮುರಿದುಕೊಂಡ ಗಂಡಸಿಗೆ ತಾಯಿ ಕಾರ್ಡೂ ಇಲ್ಲ, ಪ್ರಜ್ಞೆಯೂ ಇರಲಿಕ್ಕಿಲ್ಲ. ಗುಳೆ ಹೋಗುವ ಮುಂಚೆ, ಹಿಂದೆ ರಿಯಾಕ್ಷನ್ ಆದವರ ಹೆಸರಿನ ಮುಂದೆ ಔಷಧದ ಹೆಸರು ಬರೆದ ಚೀಟಿಯನ್ನು ಆಧಾರ್ ಕಾರ್ಡಿನ ಬೆನ್ನಿಗೆ ಸೇರಿಸಿ ಲ್ಯಾಮಿನೇಶನ್ ಮಾಡಿಸಿ, ಹೆಂಡತಿಯ ಫೋನಿನಲ್ಲಿ ಒಂದು ಫೋಟೋ ಇಡಿಸಿ. ಹತ್ತಿಪ್ಪತ್ತು ರೂಪಾಯಿಯ ಕೆಲಸ.

ಆಸ್ಪತ್ರೆಯಲ್ಲೇ ರಿಯಾಕ್ಷನ್ ಆಗಿ ಬದುಕಿ ಬಂದವರ ವಿಷಯ ಇದಕ್ಕಿಂತ ಮುಖ್ಯ. ಅವರಿಗೆ ಮುಂದಿನ ಸಲ ಅಪಾಯ ಹೆಚ್ಚು, ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಹಲವು ಬಾರಿ ‘ಡ್ರಗ್ ರಿಯಾಕ್ಷನ್’ ಎಂದಷ್ಟೇ ಇರುತ್ತದೆ, ಇಲ್ಲವೇ ಅದೂ ಇರುವುದಿಲ್ಲ. ಬರೆದರೆ ಮನೆಯವರು ಗಲಾಟೆ ಮಾಡುತ್ತಾರೆಂಬ ಅಂಜಿಕೆ. ಆ ಅಂಜಿಕೆಯನ್ನು ನಾನು ತಮಾಷೆ ಮಾಡಲಾರೆ, ವೈದ್ಯರ, ಸಿಸ್ಟರ್‌ಗಳ ಮೇಲೆ ಕೈ ಮಾಡಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಮೊದಲ ಸಲದ ಅಲರ್ಜಿಗೆ ಯಾರೂ ಹೊಣೆಯಲ್ಲ ಎಂಬುದನ್ನು ಮನೆಯವರಿಗೆ ತಿಳಿಹೇಳಬಲ್ಲವರು ನೀವೇ. ಗೊತ್ತಿದ್ದೂ ಬರೆಯದೆ ಕಳಿಸಿ, ಎರಡನೆಯ ಸಲ ಆದರೆ ಅದು ಬೇರೆ ಮಾತು. ಥಿಯೇಟರಿನಲ್ಲಿ ಒಂದೇ ಹತ್ತು ನಿಮಿಷದಲ್ಲಿ ಆಂಟಿಬಯಾಟಿಕ್, ಅರಿವಳಿಕೆ, ಆಕ್ಸಿಟೋಸಿನ್, ನೋವಿನ ಇಂಜೆಕ್ಷನ್, ಚರ್ಮಕ್ಕೆ ಬಳಿಯುವ ಕ್ಲೋರ್‌ಹೆಕ್ಸಿಡಿನ್ ಎಲ್ಲ ಮೈ ಸೇರಿರುತ್ತವೆ, ಯಾವುದರಿಂದ ಆಯಿತೆಂದು ತಕ್ಷಣ ಹೇಳಲಾಗದು. ಹಾಗಿದ್ದಾಗ ಕೊಟ್ಟ ಎಲ್ಲ ಔಷಧಗಳ ಹೆಸರೂ ಹೊತ್ತೂ ಚೀಟಿಯಲ್ಲಿ ಬರಲಿ ಎಂದು ಕೇಳುವುದು ರೋಗಿಯ ಹಕ್ಕು.

ಇನ್ನು ಕೆಟ್ಟ ಗಳಿಗೆ ಬಂದೇ ಬಿಟ್ಟರೆ. ಇದು ನಿಮ್ಮ ಕೈಯ ಕೆಲಸವಲ್ಲ, ಆದರೂ ತಿಳಿದಿರಲಿ. ಹಳ್ಳಿಯಿಂದ ನಗರದವರೆಗೆ ರಿಯಾಕ್ಷನ್ ಎಂದರೆ ‘ಅವಿಲ್, ಡೆಕ್ಸಾ ಹಾಕ್ರಿ’ ಎಂಬುದೇ ರೂಢಿ. ಅವಿಲ್ ತುರಿಕೆ ಇಳಿಸುತ್ತದೆ, ಡೆಕ್ಸಾ ಕೆಲಸ ಶುರು ಮಾಡಲು ಗಂಟೆಗಳು ಬೇಕು. ಕುಸಿಯುತ್ತಿರುವ ರಕ್ತದೊತ್ತಡವನ್ನು ಎತ್ತಿ, ಮುಚ್ಚುತ್ತಿರುವ ಉಸಿರಿನ ದಾರಿಯನ್ನು ತೆರೆಯುವುದು ಅಡ್ರಿನಲಿನ್ ಒಂದೇ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ, ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಮತ್ತೆ. ಬಸುರಿಗೂ ಅಷ್ಟೇ. ಅಗ್ಗದ ಔಷಧ, ಪಿಎಚ್‌ಸಿಯ ತುರ್ತು ಟ್ರೇಯಲ್ಲಿ ಇರಲೇಬೇಕಾದದ್ದು. ರೋಗಿಯನ್ನು ಎಬ್ಬಿಸಿ ನಿಲ್ಲಿಸುವುದು, ನಡೆಸುವುದು, ನೀರು ಕುಡಿಸುವುದು ಬೇಡ. ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು, ತುಂಬು ಬಸುರಿಯಾದರೆ ಎಡಮಗ್ಗುಲಿಗೆ; ಉಸಿರಾಡಲು ಕಷ್ಟವಾದರೆ ಕೂರಲು ಬಿಡಬಹುದು. ಕಣ್ಣು ಬಿಟ್ಟು ಮಾತಾಡಿದಳೆಂದು ಅದೇ ಸಂಜೆ ಮನೆಗೆ ಕರೆತರಬೇಡಿ, ಕೆಲವರಿಗೆ ಗಂಟೆಗಳ ನಂತರ ಅದು ಮರಳಿ ಬರುತ್ತದೆ.

ಆಪರೇಷನ್ ಆದ ಮೇಲಿನ ದಿನಗಳ ಬಗ್ಗೆ ಒಂದು ಸಣ್ಣ ಮಾತು. ತಡೆಗಾಗಿ ಕೊಡುವ ಆಂಟಿಬಯಾಟಿಕ್ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮುಂದುವರಿಯಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ನಮ್ಮಲ್ಲಿ ಐದು ದಿನ, ಏಳು ದಿನ ಬಾಟಲಿ ಮೇಲೆ ಬಾಟಲಿ. ಅರ್ಧ ತಪ್ಪು ಬರೆಯುವವರದು, ಅರ್ಧ ‘ಪವರ್ ಇಂಜೆಕ್ಷನ್ ಯಾಕ ಬಂದ್ ಮಾಡಿದ್ರಿ?’ ಎಂದು ಜಗಳಕ್ಕೆ ನಿಲ್ಲುವ ನೆಂಟರದು. ಕೊಡದ ಡೋಸಿನಿಂದ ಯಾರಿಗೂ ರಿಯಾಕ್ಷನ್ ಆಗುವುದಿಲ್ಲ. ನಂಜಾಗಿದ್ದರೆ ಚಿಕಿತ್ಸೆ ಬೇರೆ, ಅದನ್ನು ಅರ್ಧಕ್ಕೆ ಬಿಡುವಂತಿಲ್ಲ.

2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ನಮ್ಮ ಕಡೆಯೂ ಬಾಟಲಿ ಕಂಡರೆ ಜನ ಬೆಚ್ಚಿದರು. ಅಲ್ಲಿ ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಏರಿಸುವ ದ್ರವದ ಮೇಲೆ. ಕೆಟ್ಟ ಔಷಧ ಬೇರೆ, ಒಳ್ಳೆಯ ಔಷಧಕ್ಕೆ ಒಬ್ಬರ ಮೈ ತಿರುಗಿ ಬೀಳುವುದು ಬೇರೆ. ಹಲವರಿಗೆ ಒಟ್ಟಿಗೆ ಆದರೆ, ಚಳಿಜ್ವರ ಬಂದು ಮೂತ್ರ ಕಟ್ಟಿದರೆ ಬಾಟಲಿಯನ್ನು ಸಂಶಯಿಸಬೇಕು. ಒಬ್ಬರಿಗೆ, ನಿಮಿಷಗಳಲ್ಲಿ, ಗಂಧೆ ಉಬ್ಬಸದೊಂದಿಗೆ ಆದರೆ ಅಲರ್ಜಿಯನ್ನು. ಎರಡರಲ್ಲೂ ಬಾಟಲಿಯನ್ನು ಎಸೆಯಬಾರದು, ಬ್ಯಾಚ್ ಸಂಖ್ಯೆ ಬರೆದುಕೊಳ್ಳಬೇಕು, ವರದಿ ಮಾಡಬೇಕು. 2010ರಲ್ಲಿ ಶುರುವಾದ ಭಾರತದ ಔಷಧ ನಿಗಾ ಕಾರ್ಯಕ್ರಮಕ್ಕೆ ರೋಗಿಯೇ ನೇರವಾಗಿ ತಿಳಿಸಬಹುದು. ಉಚಿತ ಸಂಖ್ಯೆ 1800-180-3024, ಸಾಮಾನ್ಯರು ತುಂಬುವ ಫಾರಂ ಕನ್ನಡದಲ್ಲೂ ಇದೆ. ಅದು ದೂರಲ್ಲ, ಯಾರಿಗೂ ಶಿಕ್ಷೆಯಾಗುವುದಿಲ್ಲ. ಯಾವ ಔಷಧ ಎಷ್ಟು ಜನರಿಗೆ ತೊಂದರೆ ಕೊಡುತ್ತಿದೆ ಎಂಬ ಲೆಕ್ಕಕ್ಕೆ ಕೊಪ್ಪಳದ ಹೆಸರೂ ಸೇರುತ್ತದೆ.

ಮುಂದಿನ ತಿಂಗಳ ಪಿಎಚ್‌ಸಿ ಸಭೆಯಲ್ಲಿ ವೈದ್ಯಾಧಿಕಾರಿಗಳನ್ನು ಎರಡು ವಿಷಯ ಕೇಳಿ. ತಾಯಿ ಕಾರ್ಡಿನ ಯಾವ ಜಾಗದಲ್ಲಿ ಈ ಸಾಲು ಬರೆದರೆ ಥಿಯೇಟರಿನವರ ಕಣ್ಣಿಗೆ ಮೊದಲು ಬೀಳುತ್ತದೆ? ರಿಯಾಕ್ಷನ್ ಆದವರ ಚೀಟಿಯಲ್ಲಿ ಔಷಧದ ಹೆಸರಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರ ಹತ್ತಿರ ಹೋಗಬೇಕು? ಉತ್ತರವನ್ನು ಅಲ್ಲೇ ಡೈರಿಯಲ್ಲಿ ಬರೆದುಕೊಳ್ಳಿ, ಕೆಂಪು ಪೆನ್ನನ್ನೂ ಅವರಿಂದಲೇ ಇಸಿದುಕೊಳ್ಳಿ.


ನಿಮ್ಮವ